ಕಾಲುಹಾದಿಯ ಋಣ

ಊರಿಗೆ ಉಪಕಾರವಾಗತಕ್ಕ ಕೆಲಸಗಳಲ್ಲಿ ಎರಡು ಬಗೆಗಳುಂಟು. ಒಮ್ಮೆ ಮಾಡಿ ಮುಗಿಸಬಹುದಾದುದು ಒಂದು. ಎಂದಿಗೂ ಮುಗಿಯದೆ ವರ್ಷವರ್ಷವೂ ಮಾಡುತ್ತಲೇ ಇರಬೇಕಾದುದು ಇನ್ನೊಂದು. ಮೊದಲನೆಯದಕ್ಕೆ ದಾನಿಗಳು ದೊರೆಯುವರು, ಶಂಕುಸ್ಥಾಪನೆಗೆ ಮುಖಂಡರು ದೊರೆಯುವರು, ಹೆಸರು ಕೆತ್ತುವುದಕ್ಕೆ ಕಲ್ಲೂ ದೊರೆಯುವುದು. ಎರಡನೆಯದಕ್ಕೆ ಯಾರೂ ದೊರೆಯರು. ಗುಡ್ಡದ ಕಾಲುಹಾದಿಯ ರಕ್ಷಣೆಯು ಈ ಎರಡನೆಯ ವರ್ಗಕ್ಕೆ ಸೇರಿದುದಾಗಿದೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಗುಡ್ಡಗಳನ್ನು ಏರುವ, ಬಯಲುಗಳನ್ನು ದಾಟುವ ಕಾಲುಹಾದಿಗಳನ್ನು ಕಾಯತಕ್ಕವರು ಯಾರು? ಸರಕಾರದವರೆಂದು ಕೆಲವರು, ದೇವಸ್ಥಾನದ ಪಂಚರೆಂದು ಕೆಲವರು, ಗುತ್ತಿಗೆದಾರರೆಂದು ಕೆಲವರು ಹೇಳುವರು. ಅವರಾರೂ ಅಲ್ಲ, ಈ ಪತ್ರಿಕೆಯನ್ನು ತರಿಸಿಕೊಂಡು ಓದುವ ಮನೆಗಳವರೇ ಆ ಕೆಲಸಕ್ಕೆ ಮೊದಲು ಕೈಹಾಕತಕ್ಕವರೆಂದು ನಾನು ವಾದಿಸುವವನಿದ್ದೇನೆ. ಮಾತು ಕಟುವಾದರೆ ವಾಚಕರು ಸಹಿಸಬೇಕು. ಸಹಿಸದವರು ಉತ್ತರ ಬರೆಯಬೇಕು.

ನಮ್ಮ ಸೀಮೆಯ ಬಹುಭಾಗವು ಎರೆಯ ಬಯಲು. ಜೋಳ, ಕಡಲೆ, ಹತ್ತಿ, ಗೋದಿಗಳು ಬೆಳೆಯುವ ಈ ಕರಿಯ ನೆಲದ ನಡುವೆ ನರಗುಂದದ ಗುಡ್ಡವು ಒಂಟಿಯಾಗಿ ತಲೆಯೆತ್ತಿ ನಿಂತಿರುವುದು. ಮೂಡಲಿಗೆ ಗಜೇಂದ್ರಗಡದ ಗುಡ್ಡಸಾಲು. ಅದರ ಒಂದು ಮೈ ಮಲಗಿದ ಆನೆಯಂತೆ ತೋರುವುದರಿಂದಲೇ ಊರಿಗೆ ಆ ಹೆಸರಾಯಿತೆಂದು ಹಿರಿಯರು ಹೇಳುತ್ತ ಬಂದಿರುವರು. ಆ ಗುಡ್ಡದ ಓರೆಯಲ್ಲಿ ಕಾಲಕಾಲೇಶ್ವರನ ಗುಡಿ. ಅಲ್ಲಿಗೆ ಕಡಿದಾದ ಮೆಟ್ಟಿಲುಗಳ ಸಾಲು. ಗುಡಿಯ ಬಳಿಯಲ್ಲಿ ಬೇಸಗೆಯಲ್ಲಿಯೂ ಬತ್ತದ ಅಂತರಗಂಗೆ. ಎರಡು ಗುಡ್ಡಗಳ ನೆತ್ತಿಯ ಮೇಲೆಯೂ ಕೋಟೆಗಳು. 1787 ರಲ್ಲಿ ಮರಾಠರೂ ನಿಜಾಮನೂ ಟೀಪೂ ಸುಲ್ತಾನನೊಡನೆ ಮಾಡಿಕೊಂಡ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರೇ ನಿಂತಿದೆ. 1858 ರ ಮೇ ತಿಂಗಳ ಕೊನೆಗೆ ನರಗುಂದದ ಬಾಬಾಸಾಹೇಬ ಭಾವೆಯವರು ಇಂಗ್ಲಿಷರ ಮೇಲೆ ಎದ್ದರು. ಜೂನ್ 12 ರಂದು ಬೆಳಗಾವಿಯಲ್ಲಿ ಅವರಿಗೆ ಗಲ್ಲಾಯಿತು. ಇದೆಲ್ಲವನ್ನೂ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯಬಲ್ಲರು. ಆದರೆ ಆ ಕೋಟೆಯ ಬಾಗಿಲಿನವರೆಗೆ ತಮ್ಮ ಕಾಲಿನಿಂದ ನಡೆದು ಹೋದವರು ತರಗತಿಗೆ ಎಷ್ಟು ಜನರೆಂದು ಕೇಳಿ ನೋಡಿರಿ. ಕೈಗಳು ಬೆರಳೆಣಿಕೆಯಷ್ಟು ಏಳುವುವು.

ಹಾದಿಯನ್ನು ಕುರಿತು ಪದಗಳೇ ಕೆಲವು ಸಂಗತಿಗಳನ್ನು ಹೇಳುವುವು. ಹಳಗನ್ನಡದಲ್ಲಿ ಹಾದಿಗೆ ಬಟ್ಟೆಯೆಂದು ಹೆಸರು. ಇಂದು ಆ ಅರ್ಥವು ಮರೆತುಹೋಗಿ ಉಡುವ ಬಟ್ಟೆಯೊಂದೇ ಉಳಿಯಿತು. ಸಂಸ್ಕೃತದಲ್ಲಿ ಪಥಿನ್ ಶಬ್ದದಿಂದ ಹುಟ್ಟಿದ ಪಥ್ಯಕ್ಕೆ ಹಾದಿಯನ್ನು ಬಿಟ್ಟು ಕದಲದುದೆಂಬ ಅರ್ಥವನ್ನು ಪಾಣಿನಿ ಮಹರ್ಷಿಯು ವಿಧಿಸಿರುವನು. ಧರ್ಮ್ಯ, ನ್ಯಾಯ್ಯಗಳೊಡನೆಯೇ ಅದನ್ನು ಒಂದೇ ಸೂತ್ರದಲ್ಲಿ ಎಣಿಸಿರುವನು. ವೈದ್ಯರು ಹೇಳುವ ಪಥ್ಯವು ದೇಹಕ್ಕೆ ಹಾದಿ ತಪ್ಪದಂತೆ ನೋಡಿಕೊಳ್ಳುವ ಕ್ರಮ. ಒಂದು ದಿನ ಉಪವಾಸ ಮಾಡಿದರೆ ಪಥ್ಯವಾಗದು. ದಿನದಿನವೂ ಪಾಲಿಸಿದರೆ ಪಥ್ಯ. ಹಾದಿಗೂ ಅಂಥದೇ ಒಂದು ಪಥ್ಯವು ಬೇಕು.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡುವ. ಮೊದಲನೆಯದು, ಇದು ಸರಕಾರದ ಕೆಲಸವೆಂಬುದು. ಈ ಮಾತನ್ನು ಹೇಳುವವರು ಅರ್ಜಿ ಬರೆಯುವುದರಲ್ಲಿ ನಿಪುಣರು. ಅರ್ಜಿಯನ್ನು ಬರೆಯಬೇಡಿರೆಂದು ನಾನು ಹೇಳುವುದಿಲ್ಲ. ಹೆದ್ದಾರಿಯೂ ಸೇತುವೆಯೂ ಸರಕಾರದ ಕರ್ತವ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಕಾರದ ಕೆಲಸಕ್ಕೆ ಅಂದಾಜುಪತ್ರಿಕೆ, ಮಂಜೂರಾತಿ, ಟೆಂಡರು, ಅಳತೆಯ ಪುಸ್ತಕ ಇವೆಲ್ಲವೂ ಬೇಕು. ಆರಂಭವೂ ಬೇಕು, ಮುಕ್ತಾಯವೂ ಬೇಕು. ಗುಡ್ಡದ ಹಾದಿಯಲ್ಲಿ ಮಳೆಗೆ ಒಂದು ಕಲ್ಲು ಕದಲಿದರೆ ಅದನ್ನು ಎತ್ತಿಡುವುದಕ್ಕೆ ಯಾವ ಇಲಾಖೆಯು ಟೆಂಡರು ಕರೆಯುವುದು? ಆ ಕಲ್ಲು ಕದಲಿದ ದಿವಸವೇ ಎತ್ತಿಟ್ಟರೆ ಅರ್ಧ ಗಳಿಗೆಯ ಕೆಲಸ. ಬಿಟ್ಟರೆ ಅದರ ಸಂದಿಯಲ್ಲಿ ನೀರು ಹರಿದು ಮುಂದಿನ ಮೂರು ಕಲ್ಲು ಕಳಚುವುವು. ಮರುವರ್ಷ ಹಾದಿಯೇ ಹಳ್ಳವಾಗುವುದು. ಆಮೇಲೆ ಸರಕಾರವು ಬರುವುದು ನಿಜ. ಬರುವಾಗ ಸಿಮೆಂಟಿನ ಚೀಲಗಳೊಡನೆ ಬರುವುದು.

ನಮ್ಮಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಷ್ಟೇ ಮಳೆ. ಇಷ್ಟು ಸ್ವಲ್ಪ ಮಳೆಯು ಹಾದಿಯನ್ನು ಏನು ಕೆಡಿಸೀತೆಂದು ಕೇಳುವವರುಂಟು. ಅದು ಮಲೆನಾಡಿನಲ್ಲಿ ಬೀಳುವಂತೆ ದಿನವೆಲ್ಲ ಜಿನುಗುವ ಮಳೆಯಲ್ಲ. ತಿಂಗಳ ಮಳೆಯು ಕೆಲವು ಸಲ ಎರಡು ತಾಸಿನಲ್ಲಿ ಸುರಿದು ಹೋಗುವುದು. ಹುಲ್ಲಿಲ್ಲದ ಗುಡ್ಡದ ಮೈಮೇಲಿಂದ ಆ ನೀರು ಓಡುವ ವೇಗವನ್ನು ಕಂಡವರೇ ಬಲ್ಲರು. ನೀರಿಗೆ ಕಾಲುಹಾದಿಯೇ ಸಿದ್ಧವಾದ ಕಾಲುವೆ. ಆದುದರಿಂದ ಹಾದಿಯನ್ನು ಕಟ್ಟುವ ವಿದ್ಯೆಯೆಂದರೆ ಮುಖ್ಯವಾಗಿ ನೀರನ್ನು ಹಾದಿಯಿಂದ ಹೊರಗೆ ಕಳಿಸುವ ವಿದ್ಯೆ. ಹಾದಿಯ ಮೈಯನ್ನು ಇಳಿಜಾರಿನ ಕಡೆಗೆ ಒಂದೆರಡು ಅಂಗುಲ ಓರೆಯಾಗಿಸಬೇಕು. ಹತ್ತು ಮೊಳ ನಡೆದರೆ ಒಂದು ಮೊಳಕ್ಕಿಂತ ಹೆಚ್ಚು ಏರದಂತೆ ಗುಡ್ಡವನ್ನು ಬಳಸಿ ಹೋಗಬೇಕು. ಏರು ಅನಿವಾರ್ಯವಾದಲ್ಲಿ ಮೆಟ್ಟಿಲು ಹಾಕಬೇಕು. ಅಲ್ಲಲ್ಲಿ ಹಾದಿಗೆ ಅಡ್ಡವಾಗಿ, ಸ್ವಲ್ಪ ಓರೆಯಾಗಿ, ಒಂದು ಸಾಲು ಕಲ್ಲನ್ನು ನೆಟ್ಟು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಆ ಕಲ್ಲಿನ ಹಿಂದೆ ತುಂಬಿದ ಮಣ್ಣನ್ನು ಮಳೆಗಾಲಕ್ಕೆ ಮುಂಚೆ ಬಗೆದು ತೆಗೆಯಬೇಕು. ಇಷ್ಟೇ. ಇದಕ್ಕೆ ಗುದ್ದಲಿ, ಪಿಕಾಸಿ, ಹಾರೆ, ಕುಡಗೋಲು, ಬುಟ್ಟಿಗಳು ಸಾಕು. ಎರೆಯ ಹೊಲದಲ್ಲಿ ಬದು ಹಾಕಿ, ಒಡ್ಡು ಕಟ್ಟಿ, ಹರಿಯುವ ನೀರಿಗೆ ದಾರಿ ಬಿಡುವ ನಮ್ಮ ರೈತನಿಗೆ ಈ ಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದವರು ನಾವು, ಅಂದರೆ ಓದಿದವರು.

ಸಿಮೆಂಟಿನ ಹಾದಿಯು ಶಾಶ್ವತವಲ್ಲವೆ ಎಂದು ಇನ್ನು ಕೆಲವರು ಕೇಳುವರು. ಅಲ್ಲ. ಗುಡ್ಡವು ಬಿಸಿಲಿಗೆ ಹಿಗ್ಗುವುದು, ಚಳಿಗೆ ಕುಗ್ಗುವುದು, ಮಳೆಗೆ ಕೆಳಗಿನ ಮಣ್ಣನ್ನು ಬಿಟ್ಟುಕೊಡುವುದು. ಅದರ ಮೇಲೆ ಬಿಗಿದ ಗಾರೆಯ ಹಾಸು ಒಂದು ಕಡೆ ಬಿರಿಯಿತೆಂದರೆ ನೀರು ಅದರಡಿಗೆ ನುಗ್ಗಿ ಹಲಗೆಹಲಗೆಯಾಗಿ ಎಬ್ಬಿಸುವುದು. ಒಣಗಲ್ಲಿನ ಮೆಟ್ಟಿಲಾದರೆ ಕದಲಿದಾಗ ಮತ್ತೆ ಕೂಡಿಸಬಹುದು. ಬಿರಿದ ಸಿಮೆಂಟನ್ನು ಒಡೆದು ಕೆಳಗೆ ಚೆಲ್ಲುವ ಹೊರತು ಗತಿಯಿಲ್ಲ. ಮೇಲಾಗಿ ನುಣುಪಾದ ಸಿಮೆಂಟು ಮಳೆಯಲ್ಲಿ ಜಾರುವುದು, ಬೇಸಗೆಯಲ್ಲಿ ಬರಿಗಾಲಿನ ಯಾತ್ರಿಕನ ಅಂಗಾಲನ್ನು ಸುಡುವುದು. ಮೋಟಾರು ರಸ್ತೆಯ ಮಾತನ್ನು ಬೇರೆಯಾಗಿ ಹೇಳಬೇಕು. ಮುದುಕರಿಗೂ ಅಂಗವಿಕಲರಿಗೂ ದೇವರ ದರ್ಶನವಾಗಬೇಕೆಂಬುದು ನ್ಯಾಯವಾದ ಅಪೇಕ್ಷೆ. ಅದಕ್ಕಾಗಿ ಒಂದು ಗುಡಿಗೆ ಒಂದು ರಸ್ತೆಯನ್ನು ಮಾಡುವುದಾದರೆ ನನ್ನ ಅಡ್ಡಿಯಿಲ್ಲ. ಆದರೆ ಆ ಒಂದು ನ್ಯಾಯವನ್ನು ಮುಂದೆ ಮಾಡಿ ಪ್ರತಿ ಶಿಖರಕ್ಕೂ ರಸ್ತೆಯನ್ನು ಕೊರೆಯುವವರು ಮುದುಕರ ಮಿತ್ರರಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದನ್ನು ಎಲ್ಲರೂ ಕಂಡಿರುವರು. ವಿದ್ಯುತ್ತು ಬೇಕಾದುದೇ, ಆದರೆ ಅಷ್ಟುದ್ದದ ರೆಕ್ಕೆಗಳನ್ನು ಮೇಲಕ್ಕೆ ಒಯ್ಯುವುದಕ್ಕೆ ಎಷ್ಟು ಅಗಲದ ರಸ್ತೆಯನ್ನು ಗುಡ್ಡದಲ್ಲಿ ಕಡಿಯಬೇಕಾಗುವುದೆಂಬುದನ್ನೂ, ಕಡಿದ ಮಣ್ಣು ಎತ್ತ ಇಳಿಯುವುದೆಂಬುದನ್ನೂ ಕೆಳಗಿನ ಹೊಲದವರನ್ನು ಕೇಳಿ ತಿಳಿಯಬೇಕು.

ಗುಡ್ಡ ಹತ್ತುವುದು ಪಟ್ಟಣದ ಹುಡುಗರ ಶೋಕಿಯೆಂಬುದು ಇನ್ನೊಂದು ಪೂರ್ವಪಕ್ಷ. ಇದನ್ನು ಹೇಳುವವರು ಗುಡ್ಡವನ್ನು ದೂರದಿಂದ ನೋಡಿದವರೇ ಹೊರತು ಅಲ್ಲಿ ಯಾರು ನಡೆಯುವರೆಂಬುದನ್ನು ಎಣಿಸಿದವರಲ್ಲ. ಕುರಿಗಳನ್ನು ಅಟ್ಟಿಕೊಂಡು ಹೋಗುವ ಹಾಲುಮತದವನು, ಪುಳ್ಳೆಯ ಹೊರೆಯನ್ನು ಹೊತ್ತು ಇಳಿಯುವ ತಾಯಿ, ಹರಕೆಯ ಕಾಯಿಯನ್ನು ಹಿಡಿದು ಏರುವ ನವದಂಪತಿಗಳು, ಹುಣ್ಣಿವೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆಯುವವರು, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು, ಇವರೇ ಹಾದಿಯ ಮೊದಲ ಒಡೆಯರು. ಪಟ್ಟಣದಿಂದ ಬರುವ ತರುಣನು ಕೊನೆಯ ಅತಿಥಿ. ಅವನನ್ನು ನಾವು ಹಳಿಯಲೂ ಬೇಕಾಗಿಲ್ಲ. ಪರವೂರಿನಿಂದ ಬಂದು ನಮ್ಮ ಕೋಟೆಯನ್ನು ಹತ್ತುವವನು ಊರಲ್ಲಿಯೇ ಇದ್ದು ಹತ್ತದವನಿಗಿಂತ ಮೇಲು.

ಶ್ರೀಶೈಲದ ಮಾತು ಬಂದುದರಿಂದ ಹೇಳುತ್ತೇನೆ. ಹದಿನಾಲ್ಕನೆಯ ಶತಮಾನದ ರೆಡ್ಡಿ ಅರಸನಾದ ಪ್ರೋಲಯ ವೇಮನು ಅಲ್ಲಿ ಯಾತ್ರಿಕರಿಗಾಗಿ ಸೋಪಾನಗಳನ್ನು ಕಟ್ಟಿಸಿದನು; ಅವನ ರಾಜ್ಯವು ಅಳಿದುಹೋಯಿತು, ಸೋಪಾನದ ಕೀರ್ತಿಯು ಉಳಿದಿದೆ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳನ್ನು ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದರು. ಅಶೋಕ ಚಕ್ರವರ್ತಿಯ ಶಾಸನಗಳು ನಮ್ಮ ನೆರೆಯ ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇರುವುವು. ಉತ್ತರದ ತನ್ನ ಸ್ತಂಭಶಾಸನದಲ್ಲಿ ಅವನು ಎಣಿಸಿಕೊಳ್ಳುವ ಪುಣ್ಯಕಾರ್ಯಗಳಲ್ಲಿ ದಾರಿಯ ಬದಿಗೆ ಆಲದ ಮರಗಳನ್ನು ನೆಡಿಸಿದುದೂ ಬಾವಿಗಳನ್ನು ತೋಡಿಸಿದುದೂ ಸೇರಿವೆ. ನಮ್ಮ ಧರ್ಮಶಾಸ್ತ್ರಗಳು ಇಷ್ಟವೆಂದು ಯಜ್ಞಾದಿಗಳನ್ನೂ, ಪೂರ್ತವೆಂದು ಬಾವಿ ಕೆರೆ ಗುಡಿ ತೋಪುಗಳನ್ನೂ ಹೇಳಿ, ಎರಡಕ್ಕೂ ಗೌರವ ಕೊಟ್ಟಿರುವುವು. ಇಷ್ಟವನ್ನು ಮಾಡತಕ್ಕವರಿಗೆ ಹಲವು ಕಟ್ಟಳೆಗಳಿದ್ದರೂ ಪೂರ್ತದ ಬಾಗಿಲು ಎಲ್ಲ ವರ್ಣದವರಿಗೂ ತೆರೆದಿದೆ. ಇಂದು ನಮ್ಮ ಮನೆಗಳಲ್ಲಿ ಇಷ್ಟದ ಉತ್ಸಾಹವು ಬೆಳೆದಿದೆ. ಪೂರ್ತವನ್ನು ಪಂಚಾಯತಿಗೆ ಒಪ್ಪಿಸಿದ್ದೇವೆ.

ಇಲ್ಲಿ ಒಬ್ಬ ಸೂಕ್ಷ್ಮಮತಿಯು ಆಕ್ಷೇಪಿಸುವನು: ಆ ಅರಸರು ಮೆಟ್ಟಿಲುಗಳನ್ನು ತಾವೇ ಹೊತ್ತರೇ? ಪುಕ್ಕಟೆಯಾಗಿ ಪ್ರಜೆಗಳಿಂದ ದುಡಿಸಿಕೊಂಡ ಬಿಟ್ಟಿಯ ಕೆಲಸವನ್ನೇ ಇಂದು ಸ್ವಯಂಸೇವೆಯೆಂಬ ಹೊಸ ಹೆಸರಿನಿಂದ ಮರಳಿ ತರುವಿರಾ? ದಿನಗೂಲಿಯವನ ಅನ್ನಕ್ಕೆ ಕಲ್ಲು ಹಾಕುವಿರಾ? ಈ ಆಕ್ಷೇಪವು ಗೌರವಕ್ಕೆ ಪಾತ್ರವಾದುದು, ಇದಕ್ಕೆ ಸರಿಯಾದ ಉತ್ತರವನ್ನು ಕೊಡಬೇಕು. ಬಿಟ್ಟಿಯಲ್ಲಿ ಬಲವಿದ್ದವನು ಬಲವಿಲ್ಲದವನಿಂದ ದುಡಿಸುವನು. ನಾನು ಹೇಳುವ ಕೆಲಸದಲ್ಲಿ ಬಿಡುವೂ ನಿವೃತ್ತಿವೇತನವೂ ಸಂಬಳವೂ ಉಳ್ಳವನು ತಾನೇ ದುಡಿಯತಕ್ಕದ್ದು. ಹೊಲದಲ್ಲಿ ದಿನವೆಲ್ಲ ಬೆವರು ಸುರಿಸಿದವನನ್ನು ಭಾನುವಾರ ಗುಡ್ಡಕ್ಕೆ ಬಾ ಎಂದು ಕರೆಯುವುದು ಅನ್ಯಾಯ. ವಾರವೆಲ್ಲ ಕುರ್ಚಿಯಲ್ಲಿ ಕುಳಿತವನನ್ನು ಕರೆಯುವುದು ಅವನ ಆರೋಗ್ಯಕ್ಕೂ ಹಿತ. ಕಲ್ಲು ಒಡೆದು, ಕೆತ್ತಿ, ಮೆಟ್ಟಿಲನ್ನು ಕೂಡಿಸುವ ಕುಶಲದ ಕೆಲಸಕ್ಕೆ ನಮ್ಮ ಒಡ್ಡರನ್ನೂ ಕಲ್ಲುಕುಟಿಗರನ್ನೂ ಕರೆದು, ನ್ಯಾಯವಾದ ಕೂಲಿಯನ್ನು ಚಂದಾ ಎತ್ತಿ ಕೊಡಬೇಕು. ಅವರ ಕೈಕೆಳಗೆ ನಾವು ಕಲ್ಲು ಹೊತ್ತು ಕೊಡಬೇಕು. ಯಾರೂ ಎಂದೂ ಕೂಲಿ ಕೊಟ್ಟು ಮಾಡಿಸದ ಸಣ್ಣ ಕೆಲಸ, ಅಂದರೆ ಮುಳ್ಳು ಕಡಿಯುವುದು, ಮಣ್ಣು ಬಗೆಯುವುದು, ಬಿದ್ದ ಕಲ್ಲನ್ನು ಎತ್ತಿಡುವುದು, ನಮಗಿರಲಿ. ಹೀಗಾದರೆ ಕೂಲಿಯವನಿಗೆ ಇಲ್ಲದಿದ್ದ ಕೆಲಸವು ಸಿಕ್ಕುವುದೇ ಹೊರತು ಇದ್ದುದು ಹೋಗದು.

ಗುದ್ದಲಿಯನ್ನು ಹಿಡಿಯುವುದು ಓದಿದವನ ಯೋಗ್ಯತೆಗೆ ತಕ್ಕುದಲ್ಲವೆಂಬ ಮಾತನ್ನು ಬಾಯಿಬಿಟ್ಟು ಯಾರೂ ಆಡರು. ಮನಸ್ಸಿನಲ್ಲಿ ಬಹುಮಂದಿ ಇಟ್ಟುಕೊಂಡಿರುವರು. ಪಾಠಶಾಲೆಯಲ್ಲಿ ನಾವು ಓದಿದ ಮಹಾಭಾರತದ ಆದಿಪರ್ವದಲ್ಲಿ ಧೌಮ್ಯರ ಶಿಷ್ಯನಾದ ಆರುಣಿಯ ಕಥೆಯಿದೆ. ಗುರುವು ಅವನನ್ನು ಒಡೆದ ಬದುವನ್ನು ಕಟ್ಟಿ ಬಾ ಎಂದು ಹೊಲಕ್ಕೆ ಕಳುಹಿದನು. ಎಷ್ಟು ಮಣ್ಣು ಹಾಕಿದರೂ ನೀರು ನಿಲ್ಲದಿರಲು ಆರುಣಿಯು ತಾನೇ ಬದುವಿನ ಬಿರುಕಿಗೆ ಅಡ್ಡವಾಗಿ ಮಲಗಿದನು. ಗುರುವು ಬಂದು ಎಬ್ಬಿಸಿ ಉದ್ದಾಲಕನೆಂದು ಹೆಸರಿಟ್ಟು, ಸಕಲ ವೇದಗಳೂ ನಿನಗೆ ಹೊಳೆಯಲೆಂದು ಹರಸಿದನು. ಮುಂದೆ ಛಾಂದೋಗ್ಯದಲ್ಲಿ ಶ್ವೇತಕೇತುವಿಗೆ ಬ್ರಹ್ಮವಿದ್ಯೆಯನ್ನು ಬೋಧಿಸುವ ಋಷಿಯ ಹೆಸರೂ ಉದ್ದಾಲಕ ಆರುಣಿಯೇ. ಆ ಕಥೆಯನ್ನು ಗುರುಭಕ್ತಿಯ ದೃಷ್ಟಾಂತವೆಂದು ನಾವು ವಿವರಿಸುತ್ತ ಬಂದಿದ್ದೇವೆ. ಅದು ನೀರಿನ ಕೆಲಸದ ಕಥೆಯೂ ಹೌದೆಂಬುದನ್ನು ನೆನೆಯುವುದಿಲ್ಲ. ಇತ್ತ ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಶರಣರನ್ನು ಕೂಡಿಸಿಕೊಂಡು ಕೆರೆಯನ್ನು ಕಟ್ಟಿದನು. ವೈದಿಕರ ಕಥೆಯಾಗಲಿ ಶರಣರ ಚರಿತ್ರೆಯಾಗಲಿ ಓದಿದವನ ಕೈಗೆ ಮಣ್ಣಿನ ವಿನಾಯಿತಿಯನ್ನು ಕೊಟ್ಟಿಲ್ಲ.

ನಮ್ಮ ದೇಶದಲ್ಲಿ ಇಂಥದು ಸಾಗದೆಂದು ನಿರಾಶರಾದವರಿಗೆ ಎರಡು ನಿದರ್ಶನಗಳು. ಅಮೇರಿಕೆಯಲ್ಲಿ ಬೆಂಟನ್ ಮ್ಯಾಕೇ ಎಂಬವರು 1921 ರಲ್ಲಿ ಆಪಲೇಶಿಯನ್ ಪರ್ವತಗಳ ಉದ್ದಕ್ಕೂ ಒಂದು ಕಾಲುಹಾದಿಯಿರಬೇಕೆಂದು ಬರೆದರು. 1937 ರಲ್ಲಿ ಅದು ಮೇನ್ ಸಂಸ್ಥಾನದಿಂದ ಜಾರ್ಜಿಯದವರೆಗೆ ಕೂಡಿಬಂದಿತು. ಸುಮಾರು 3,500 ಕಿಲೋಮೀಟರುಗಳ ಆ ಹಾದಿಯನ್ನು ಇಂದಿಗೂ ಮುಖ್ಯವಾಗಿ ಕಾಯುತ್ತಿರುವವರು ಸುಮಾರು ಮೂವತ್ತು ಸಂಘಗಳ ಸ್ವಯಂಸೇವಕರು. ಒಂದೊಂದು ಸಂಘಕ್ಕೆ ಒಂದೊಂದು ಭಾಗವು ಗೊತ್ತಾಗಿದೆ. 2024 ರ ಸೆಪ್ಟೆಂಬರದಲ್ಲಿ ಹೆಲೀನ್ ಎಂಬ ಚಂಡಮಾರುತವು ಅದರ ದಕ್ಷಿಣಭಾಗದಲ್ಲಿ ಮರಗಳನ್ನು ಕೆಡವಿ ಹಾದಿಯನ್ನು ಮುಚ್ಚಿದಾಗ ಗರಗಸಗಳನ್ನು ಹಿಡಿದು ಹೋದವರಲ್ಲಿ ಆ ಸ್ವಯಂಸೇವಕರೇ ಬಹಳ. ಅಷ್ಟು ದೂರವೇಕೆ, ನೆರೆಯ ಮಹಾರಾಷ್ಟ್ರದಲ್ಲಿ ತರುಣರು ರಜೆಯ ದಿನಗಳಲ್ಲಿ ಕೋಟೆಗಳನ್ನು ಹತ್ತಿ ಹೂಳು ತುಂಬಿದ ನೀರಿನ ತೊಟ್ಟಿಗಳನ್ನು ತೆರವು ಮಾಡುತ್ತಿರುವರು, ಬಿದ್ದ ಮೆಟ್ಟಿಲುಗಳನ್ನು ಎತ್ತಿಡುತ್ತಿರುವರು. 2025 ರ ಜುಲೈ ತಿಂಗಳಲ್ಲಿ ಮರಾಠರ 12 ಕೋಟೆಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳಲ್ಲಿ 11 ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ನಮ್ಮ ಗುಡ್ಡಗಳ ಮೇಲಿನ ಕೋಟೆಗಳಿಗೂ ಮರಾಠರ ಚರಿತ್ರೆಯ ನಂಟುಂಟು. ಆ ಪಟ್ಟಿಯಲ್ಲಿ ಕರ್ನಾಟಕದ ಒಂದೂ ಇಲ್ಲವೆಂದು ಮುನಿಸಿಕೊಳ್ಳುವವರು, ಮೊದಲು ಆ ಕೋಟೆಗಳ ಹಾದಿಯಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಕಡಿದು ಬಂದು ಆಮೇಲೆ ಮುನಿಸಿಕೊಳ್ಳಲಿ.

ನಮ್ಮ ಜನಕ್ಕೆ ಹಟವಿಲ್ಲವೆಂದೂ ಹೇಳಲಾಗದು. 1980 ರ ಜುಲೈಯಲ್ಲಿ ನರಗುಂದದ ರೈತರು ನೀರಿನ ಕರದ ವಿರುದ್ಧ ಎದ್ದುದು ಇಡೀ ರಾಜ್ಯದ ರಾಜಕಾರಣವನ್ನೇ ಅಲುಗಿಸಿತು. 2015 ರ ಜುಲೈಯಲ್ಲಿ ಮಹದಾಯಿಯ ನೀರಿಗಾಗಿ ಅದೇ ಊರಿನಲ್ಲಿ ಆರಂಭವಾದ ಧರಣಿಯು ವರ್ಷಗಟ್ಟಲೆ ನಡೆಯಿತು. ಇದೇ ಜಿಲ್ಲೆಯ ಕಪ್ಪತಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸುವುದಕ್ಕೆ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದಾಳಾಗಿ ಜನರನ್ನು ಕೂಡಿಸಿದರು. 2019 ರಲ್ಲಿ ಅದು ವನ್ಯಜೀವಿಧಾಮವಾಯಿತು. ಕೇಳುವ ಹೋರಾಟದಲ್ಲಿ ನಾವು ಹಿಂದೆ ಬಿದ್ದವರಲ್ಲ. ಇದ್ದುದನ್ನು ಕಾಯುವ ದುಡಿಮೆಯಲ್ಲಿ ಮಾತ್ರ ಹಿಂದೆ ಬಿದ್ದಿದ್ದೇವೆ. ಕಪ್ಪತಗುಡ್ಡದಿಂದ ನಾವು ಕಲಿಯತಕ್ಕ ಇನ್ನೊಂದು ಪಾಠವುಂಟು: ಆ ಗುಡ್ಡದಲ್ಲಿ ನಡೆದಾಡಿ ಔಷಧಿಯ ಗಿಡಗಳ ಗುರುತು ಬಲ್ಲವರು ಇದ್ದುದರಿಂದ ಅದರ ಪರವಾಗಿ ಹೇಳುವುದಕ್ಕೆ ಮಾತಿತ್ತು. ಯಾರೂ ನಡೆಯದ ಗುಡ್ಡಕ್ಕೆ ಸಾಕ್ಷಿಯಿಲ್ಲ. ಹಾದಿಯು ಮುಚ್ಚಿದ ಗುಡ್ಡವನ್ನು ರಾತ್ರಿಯಲ್ಲಿ ಯಾವ ಕಲ್ಲುಗಣಿಯವನು ಕೊರೆದರೂ ಬೆಳಿಗ್ಗೆ ಕೇಳುವವರು ಇರರು. ಹಾದಿಯೊಡನೆ ಹೋಗುವುದು ಇದೇ, ಮತ್ತು ನನ್ನ ಅಂಜಿಕೆಯೂ ಇದೇ.

ಹಾದಿಯನ್ನು ಚೊಕ್ಕಟ ಮಾಡಿದರೆ ಜನಜಂಗುಳಿ ಬಂದು ಗುಡ್ಡವನ್ನು ಹೊಲಸು ಮಾಡುವುದೆಂಬ ಭಯವನ್ನು ಕೆಲವು ವಿವೇಕಿಗಳು ತೋರಿಸುವರು. 2024 ರ ಜನವರಿಯ ಕೊನೆಗೆ ದಕ್ಷಿಣ ಕನ್ನಡದ ಕಡೆಯ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನರು ನುಗ್ಗಿದುದನ್ನೂ, ಆಮೇಲೆ ಸರಕಾರವು ಚಾರಣವನ್ನು ನಿಲ್ಲಿಸಿ, ಮುಂಗಡವಾಗಿ ಹೆಸರು ಬರೆಯಿಸುವ ಕಟ್ಟಳೆಯನ್ನೂ ದಿನಕ್ಕೆ ಇಷ್ಟೇ ಜನರೆಂಬ ಮಿತಿಯನ್ನೂ ತಂದುದನ್ನೂ ಎತ್ತಿ ಆಡುವರು. ಭಯವು ಸುಳ್ಳಲ್ಲ. ಆದರೆ ಅಲ್ಲಿಗೆ ಜನರನ್ನು ಕರೆದುದು ಕಾಲುಹಾದಿಯಲ್ಲ, ಕೈಯೊಳಗಿನ ದೂರವಾಣಿಯ ಚಿತ್ರಗಳು. ಒಳ್ಳೆಯ ಹಾದಿಯು ಇದ್ದಲ್ಲಿ ಸಾವಿರ ಕಾಲುಗಳೂ ಮೂರು ಮೊಳದ ಅಗಲದಲ್ಲಿ ಹೋಗುವುವು. ಕೆಟ್ಟ ಹಾದಿಯು ಇದ್ದಲ್ಲಿ ಒಬ್ಬೊಬ್ಬನೂ ಅಡ್ಡದಾರಿಯನ್ನು ಹುಡುಕಿ ಹತ್ತು ಗಾಯಗಳನ್ನು ಮಾಡುವನು. ಹಾದಿಗೆ ಒಡೆಯರುಂಟೆಂದು ತೋರಿದರೆ ಕಸ ಚೆಲ್ಲುವವನ ಕೈಯೂ ಸ್ವಲ್ಪ ಹಿಂಜರಿಯುವುದು.

ಇನ್ನು ಸ್ವಯಂಸೇವಕರ ಕಡೆಗೂ ತಿರುಗಿ ಎರಡು ಕಠಿಣವಾದ ಮಾತುಗಳನ್ನು ಆಡಬೇಕಾಗಿದೆ. ವರ್ಷಕ್ಕೊಂದು ದಿನ ಬಣ್ಣದ ಅಂಗಿಗಳನ್ನು ಧರಿಸಿ, ಬ್ಯಾನರನ್ನು ಹಿಡಿದು, ಕಸಬರಿಗೆಯೊಡನೆ ಫೋಟೋ ತೆಗೆಯಿಸಿಕೊಂಡು, ಉಪ್ಪಿಟ್ಟಿನ ಎಲೆಗಳನ್ನು ಅಲ್ಲಿಯೇ ಬಿಟ್ಟು ಇಳಿಯುವ ಶ್ರಮದಾನವನ್ನು ನಾನು ಬಲ್ಲೆನು. ಅಂಥದೊಂದು ಶ್ರಮದಾನದಲ್ಲಿ ನೀರು ತಿರುಗಿಸುವ ಹಳೆಯ ಅಡ್ಡಗಲ್ಲುಗಳನ್ನೇ ಎಡವುಗಲ್ಲೆಂದು ಕಿತ್ತು ಹಾಕಿದುದನ್ನು ಕಂಡಿದ್ದೇನೆ; ಮರುಮಳೆಗೆ ಆ ಹಾದಿಯು ಮೊಣಕಾಲುದ್ದದ ಕೊರಕಲಾಯಿತು. ಭಕ್ತಿಯಿಂದ ಶಾಸನಕಲ್ಲಿಗೆ ಸುಣ್ಣ ಬಳಿಯುವವನೂ, ಬಂಡೆಯ ಮೇಲೆ ಸಂಘದ ಹೆಸರನ್ನು ಎಣ್ಣೆಬಣ್ಣದಿಂದ ಬರೆಯುವವನೂ, ಬೇಸಗೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಹಾದಿ ಬಿಡಿಸುವವನೂ ಮಾಡದೆ ಕುಳಿತವನಿಗಿಂತ ಹೆಚ್ಚು ಕೇಡು ಮಾಡುವರು. ಉತ್ಸಾಹಕ್ಕೆ ವಿದ್ಯೆಯ ಲಗಾಮು ಇಲ್ಲದಿದ್ದರೆ ಅದು ಬಿಟ್ಟ ಹೋರಿ.

ಆದುದರಿಂದ ನನ್ನ ಸೂಚನೆಗಳು ಇವು. ಮೊದಲು, ಮೂರು ತಾಲೂಕುಗಳ ಕಾಲುಹಾದಿಗಳ ಒಂದು ಪಟ್ಟಿಯನ್ನು ಮಾಡಬೇಕು. ಗ್ರಾಮನಕಾಶೆಗಳಲ್ಲಿ ಬಂಡಿಜಾಡುಗಳನ್ನೂ ಕಾಲುದಾರಿಗಳನ್ನೂ ಚುಕ್ಕೆಗೆರೆಗಳಿಂದ ತೋರಿಸಿರುವರು. ಆ ನಕಾಶೆಗಳನ್ನು ಕಚೇರಿಯಿಂದ ಪಡೆದು, ಊರಿನ ಮುದುಕರನ್ನೂ ಕುರಿಯವರನ್ನೂ ಕೂಡಿಸಿಕೊಂಡು ನಡೆದು ನೋಡಬೇಕು. ಕೋಟೆಯ ಹಾದಿಗಳು, ಕಾಲಕಾಲೇಶ್ವರನ ಹಾದಿ ಇವು ಮೊದಲಿನವು. ಅಕ್ಕಾದೇವಿಯು ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡನ್ನು ಆಳುತ್ತಿದ್ದಾಗ ಮುಖ್ಯಸ್ಥಾನವಾಗಿದ್ದ ಸೂಡಿಗೆ ಸುತ್ತಲಿನ ಊರುಗಳಿಂದ ಹೋಗುವ ಹೊಲದ ಹಾದಿಗಳನ್ನೂ ಮರೆಯಬಾರದು. ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ಕಟ್ಟಿದವರು ಮೋಟಾರಿನಲ್ಲಿ ಬಂದವರಲ್ಲ.

ಎರಡನೆಯದು, ಅಪ್ಪಣೆ. ಗುಡ್ಡದ ಬಹುಭಾಗವು ಅರಣ್ಯ ಇಲಾಖೆಯದೋ ಕಂದಾಯದ್ದೋ ಆಗಿರುವುದು. ಕೋಟೆ ಗುಡಿಗಳ ಸುತ್ತಲು ಪುರಾತತ್ತ್ವದವರ ಕಾನೂನುಗಳುಂಟು. ಬರವಣಿಗೆಯ ಅಪ್ಪಣೆಯಿಲ್ಲದೆ ಒಂದು ಕಲ್ಲನ್ನೂ ಮುಟ್ಟಕೂಡದು. ಅರ್ಜಿಯ ವಿದ್ಯೆಯಲ್ಲಿ ನಿಪುಣರಾದವರ ಉಪಯೋಗವು ಇಲ್ಲಿಯೇ. ಮೂರನೆಯದು, ಹಂಚಿಕೆ. ಒಂದೊಂದು ಹಾದಿಯನ್ನು ಫರ್ಲಾಂಗು ಫರ್ಲಾಂಗಾಗಿ ಭಾಗಿಸಿ, ಒಂದೊಂದು ಪ್ರೌಢಶಾಲೆಗೆ, ಒಂದೊಂದು ಓಣಿಗೆ, ಒಂದೊಂದು ಮನೆತನಕ್ಕೆ ಹೆಸರು ಹೇಳಿ ಒಪ್ಪಿಸಬೇಕು. ಎಲ್ಲರದೂ ಆದುದು ಯಾರದೂ ಆಗದು. ಫರ್ಲಾಂಗಿಗೊಬ್ಬ ಒಡೆಯನಿದ್ದರೆ ಕೆಟ್ಟುದಕ್ಕೆ ಕೇಳುವುದಕ್ಕೂ ಬರುವುದು.

ನಾಲ್ಕನೆಯದು, ಕಾಲ. ರೋಹಿಣಿ ಮಳೆಗೆ ಮುಂಚೆ ನಾಲ್ಕು ಬೆಳಗು, ಸ್ವಾತಿ ಮಳೆ ಕಳೆದ ಮೇಲೆ ನಾಲ್ಕು ಬೆಳಗು; ವರ್ಷಕ್ಕೆ ಎಂಟು ಬೆಳಗುಗಳು. ಬಿಸಿಲೇರುವ ಮುಂಚೆ ಮೂರು ತಾಸಿನ ದುಡಿಮೆ. ಮದುವೆ ಮುಂಜಿಗಳ ಊಟಕ್ಕೆ ನಾವು ವ್ಯಯಿಸುವ ದಿನಗಳಿಗಿಂತ ಇದು ಬಹಳ ಕಡಿಮೆಯೆಂಬುದನ್ನು ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಎಣಿಸಿಕೊಳ್ಳಬಹುದು. ಐದನೆಯದು, ನಿಷೇಧಗಳು. ಸಿಮೆಂಟು ಕೂಡದು, ಬಣ್ಣ ಕೂಡದು, ಬೆಂಕಿ ಕೂಡದು, ದಾನಿಗಳ ಫಲಕ ಕೂಡದು. ಮೂರು ವರ್ಷಗಳು ತಪ್ಪದೆ ದುಡಿದ ಹೊರತು ಪತ್ರಿಕೆಗೆ ಫೋಟೋ ಕಳುಹಿಸಕೂಡದು. ಆರನೆಯದು, ಒಂದು ದಫ್ತರು. ಯಾವ ದಿನ ಯಾರು ಯಾವ ಫರ್ಲಾಂಗಿನಲ್ಲಿ ಏನು ಕೆಲಸ ಮಾಡಿದರು, ಎಲ್ಲಿ ಕಲ್ಲು ಕದಲಿತ್ತು, ಎಲ್ಲಿ ನೀರು ಹೊಸ ದಾರಿ ಹಿಡಿದಿತ್ತು ಎಂಬುದನ್ನು ಅದರಲ್ಲಿ ಬರೆಯಬೇಕು. ನಮ್ಮ ಸಂಘದ ಕಪಾಟಿನಲ್ಲಿ ಕವಿಗೋಷ್ಠಿಗಳ ವರದಿಗಳ ಪಕ್ಕದಲ್ಲಿ ಆ ದಫ್ತರಿಗೆ ಸ್ಥಳವಿರಲಿ. ಸಾಹಿತ್ಯಸಂಘಕ್ಕೂ ಗುಡ್ಡದ ಹಾದಿಗೂ ಏನು ಸಂಬಂಧವೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಸೂಡಿಯ ಶಾಸನವನ್ನೂ ನರಗುಂದದ ಬಂಡಾಯವನ್ನೂ ಕುರಿತು ನಾವು ಬರೆದುದೆಲ್ಲವೂ ಆ ಸ್ಥಳಕ್ಕೆ ಕಾಲಿಟ್ಟು ನೋಡಬಲ್ಲ ಓದುಗನು ಇರುವವರೆಗೆ ಮಾತ್ರ ಸಜೀವ.

ಹುಡುಗಿಯರನ್ನು ಈ ಕೆಲಸದಿಂದ ಹೊರಗಿಡುವ ಯೋಚನೆಯು ಯಾರಿಗಾದರೂ ಇದ್ದರೆ ಬಿಡಬೇಕು. ಗುಡ್ಡದಿಂದ ಹೊರೆ ಹೊತ್ತು ಇಳಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹಾದಿಯ ಕಷ್ಟವನ್ನು ಅವರ ಕಾಲುಗಳೇ ಬಲ್ಲುವು. ಹಾದಿಯು ಎಲ್ಲಿ ತಿರುಗಬೇಕು, ಎಲ್ಲಿ ಮೆಟ್ಟಿಲಿನ ಎತ್ತರ ತಗ್ಗಬೇಕು, ಎಲ್ಲಿ ದಣಿವಾರಿಸಿಕೊಳ್ಳಲು ಕಟ್ಟೆ ಬೇಕು ಎಂಬುದನ್ನು ನಿಶ್ಚಯಿಸುವಾಗ ಅವರ ಮಾತು ನಮ್ಮ ಮಾತಿಗಿಂತ ಪ್ರಮಾಣವಾಗಿರಲಿ.

ಇನ್ನು ಹೆಚ್ಚು ವಿಸ್ತರಿಸಲೊಲ್ಲೆನು. ಈ ಲೇಖನವನ್ನು ಓದಿ ತಲೆದೂಗಿ, ಉತ್ತಮವಾದ ವಿಚಾರವೆಂದು ಹೇಳಿ, ಪುಟ ತಿರುವುವ ವಾಚಕರಿಗಿಂತ ಇದು ಹುಚ್ಚುತನವೆಂದು ಸಿಟ್ಟಾಗುವ ವಾಚಕರ ಮೇಲೆಯೇ ನನಗೆ ಹೆಚ್ಚು ಭರವಸೆಯಿದೆ. ಅವರು ಬಂದು ನೋಡಿಯಾರು. ಬರುವ ರೋಹಿಣಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಹಾರೆ ಗುದ್ದಲಿಗಳೊಡನೆ ಬರಲು ಮನಸ್ಸುಳ್ಳವರು ತಮ್ಮ ಹೆಸರನ್ನೂ, ತಾವು ಒಪ್ಪಿಕೊಳ್ಳುವ ಹಾದಿಯ ಹೆಸರನ್ನೂ ಸಂಘದ ಕಾರ್ಯದರ್ಶಿಗಳಿಗೆ ಬರೆದು ತಿಳಿಸಬೇಕೆಂದು ವಿಜ್ಞಾಪನೆ. ಅಪ್ಪಣೆಪತ್ರಗಳಿಗಾಗಿ ಅಷ್ಟರೊಳಗೆ ಕಚೇರಿಗಳಿಗೆ ಬರೆಯತಕ್ಕದ್ದು. ಹತ್ತು ಹೆಸರು ಬಂದರೆ ಒಂದು ಹಾದಿಯಿಂದ ಆರಂಭಿಸಬಹುದು. ನೂರು ಬಂದರೆ ಮೂರು ತಾಲೂಕುಗಳಲ್ಲಿಯೂ ಏಕಕಾಲಕ್ಕೆ ಆರಂಭಿಸಬಹುದು.